ಬೋರ್ಡೊ ಹೊಡೆದರೂ ಕೊಳೆ ನಿಲ್ಲುತ್ತಿಲ್ಲ, ಡ್ರೋನ್ ತರಿಸಬೇಕಾ?

ಓದುಗರ ಪ್ರಶ್ನೆ: ಸರ್, ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮದು ಮೂರು ಎಕರೆ ಅಡಿಕೆ ತೋಟ, ನಡುವೆ ಕಾಳುಮೆಣಸು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಈಗ ನಾನೇ ತೋಟ ನೋಡಿಕೊಳ್ಳುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಎರಡು ಸಲ ಬೋರ್ಡೊ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಸಿದೆವು. ಮರ ಹತ್ತಿ ಹೊಡೆಯುವ ಕೊನೆಗಾರರು ಸಿಗದೆ ಮೊದಲನೆಯದು ಜೂನ್ ಕೊನೆ ವಾರಕ್ಕೆ ಹೋಯಿತು, ಎರಡನೆಯದು ಸೆಪ್ಟೆಂಬರ್ ಮೊದಲ ವಾರ. ಪವರ್ ಜಾಸ್ತಿ ಇರಲಿ ಅಂತ 200 ಲೀಟರ್ ಡ್ರಮ್ಮಿಗೆ 3 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 2 ಕೆಜಿ ಪ್ಯಾಕೆಟ್ ಸುಣ್ಣ ಹಾಕಿದೆವು. ಆದರೂ ಹೆಚ್ಚುಕಡಿಮೆ ಅರ್ಧ ಅಡಿಕೆ ಉದುರಿತು. ಅಪ್ಪಯ್ಯ ‘ಈಗಿನ ತುತ್ತದಲ್ಲಿ ಸತ್ವವೇ ಇಲ್ಲ’ ಅಂತಾರೆ. ಅಂಗಡಿಯವರು ‘ಬೋರ್ಡೊ ಹಳೇ ಕಾಲದ್ದು, ಕೊಳೆಗೂ ಎಲೆಚುಕ್ಕಿ ರೋಗಕ್ಕೂ ಸೇರಿ ಒಂದೇ ಔಷಧಿ ಕೊಡ್ತೀನಿ’ ಅಂತಾರೆ. ಪಕ್ಕದೂರಿನವರು ಡ್ರೋನ್ ತರಿಸಿದ್ದಾರೆ. ನಮ್ಮ ಬೇಲಿಯಾಚೆಯ ತೋಟ ಪಾಳು ಬಿದ್ದಿದೆ, ಅಲ್ಲಿಂದಲೇ ರೋಗ ಬರುತ್ತಾ? ನಾನು ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ಅರ್ಧ ಫಸಲು ಕಣ್ಣೆದುರೇ ಉದುರುವುದನ್ನು ನೋಡುವ ಸಂಕಟ ದೊಡ್ಡದು. ಔಷಧಿಗೆ, ಕೂಲಿಗೆ ಖರ್ಚು ಮಾಡಿದ ಮೇಲೂ ಹೀಗಾದರೆ ಔಷಧಿ ಮೇಲೇ ಅನುಮಾನ ಬರುವುದು ಸಹಜ. ಆದರೆ ನೀವು ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು, ಯಾಕೆಂದರೆ ಉತ್ತರದ ಮುಕ್ಕಾಲು ಭಾಗ ನಿಮ್ಮ ಪತ್ರದೊಳಗೇ ಇದೆ. ಎರಡು ತಾರೀಖು ಮತ್ತು ಒಂದು ಡ್ರಮ್ಮಿನ ಲೆಕ್ಕ. ದುಡ್ಡು ಎಲ್ಲಿಗೆ ಹಾಕಬೇಕು ಅನ್ನುವುದು ಆಮೇಲಿನ ಮಾತು.

ಮೊದಲು ತಾರೀಖು. ಬೋರ್ಡೊ ಬಂದ ರೋಗವನ್ನು ವಾಸಿ ಮಾಡುವ ಔಷಧಿಯಲ್ಲ, ಇದು ಬಹಳ ಜನರ ತಲೆಗೆ ಇನ್ನೂ ಹೋಗಿಲ್ಲ. ಅದು ಕಾಯಿಯ ಮೇಲೆ ಕೂರುವ ಒಂದು ಪದರ ಅಷ್ಟೆ. ಕಾಯಿಯೊಳಗೆ ಇಳಿಯುವುದಿಲ್ಲ, ಒಳಗೆ ಹೊಕ್ಕ ರೋಗಾಣುವನ್ನು ಮುಟ್ಟುವುದೂ ಇಲ್ಲ. ಕಂಬಳಿಕೊಪ್ಪೆಯನ್ನು ಮನೆಯಿಂದ ಹೊರಡುವಾಗ ಹಾಕಿಕೊಳ್ಳುತ್ತೇವೆ, ನೆಂದು ತೊಪ್ಪೆಯಾದ ಮೇಲೆ ಹಾಕಿಕೊಂಡು ಏನು ಪ್ರಯೋಜನ? ಮಲೆನಾಡಲ್ಲಿ ಜೂನ್ ಮೊದಲ ಎರಡು ವಾರದಲ್ಲಿ ಮಳೆ ಹಿಡಿಯುತ್ತೆ. ನೀವು ಜೂನ್ ಕೊನೆಗೆ ಹೊಡೆಸುವ ಹೊತ್ತಿಗೆ ರೋಗ ಕೆಲವು ಕೊನೆಗಳ (ಅಡಿಕೆ ಗೊಂಚಲುಗಳ) ಒಳಗೆ ಆಗಲೇ ಮನೆ ಮಾಡಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ. ಆಮೇಲೆ ಸೆಪ್ಟೆಂಬರ್ ತನಕ ಸುಮಾರು ಎಪ್ಪತ್ತು ದಿನ ಬಿಟ್ಟಿರಿ. ಒಂದು ಸಿಂಪರಣೆಯ ರಕ್ಷಣೆ 40ರಿಂದ 45 ದಿನ ಅಂತ ಇಟ್ಟುಕೊಳ್ಳಬೇಕು. ಮಳೆಗೆ ಪದರ ತೊಳೆದು ಹೋಗುವುದು ಒಂದು ಕಾರಣ. ಕಾಯಿ ದಪ್ಪಗಾಗುತ್ತಾ ಹೋಗುವುದು ಇನ್ನೊಂದು, ಜೂನಿನಲ್ಲಿ ಗೋಲಿಯಷ್ಟಿದ್ದ ಕಾಯಿ ಆಗಸ್ಟಿಗೆ ದೊಡ್ಡದಾದಾಗ ಹೊಸದಾಗಿ ಬೆಳೆದ ಮೈಗೆ ಔಷಧಿಯೇ ತಾಗಿರುವುದಿಲ್ಲ ಅಲ್ವಾ. ಅಂದರೆ ಮಳೆ ಇನ್ನೂ ಬಿಡದ ಆಗಸ್ಟ್ ತಿಂಗಳ ಬಹುಪಾಲು ನಿಮ್ಮ ತೋಟ ಬರಿಮೈಯಲ್ಲಿತ್ತು.

ರೋಗಾಣುವಿನ ಸ್ವಭಾವ ಸ್ವಲ್ಪ ತಿಳಿದುಕೊಂಡರೆ ಅಂಗಡಿಯವರ ಮಾತನ್ನೂ ನೀವೇ ಅಳೆಯಬಹುದು. ಕೊಳೆಗೆ ಕಾರಣ ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ. ನೋಡಲು ಬೂಷ್ಟಿನ ಹಾಗೇ ಇರುತ್ತೆ, ಕಾಯಿಯ ಮೇಲೆ ಬಿಳಿ ಹತ್ತಿಯಂತೆ ಬೆಳೆಯುತ್ತೆ, ನಾವೂ ಮಾತಿಗೆ ಶಿಲೀಂಧ್ರ ಅಂತಲೇ ಕರೆಯುತ್ತೇವೆ. ನಿಜವಾಗಿ ಅದು ಶಿಲೀಂಧ್ರಗಳ ಕುಲದ್ದಲ್ಲ, ಪಾಚಿಗೆ ಹತ್ತಿರದ ನೆಂಟ. ಅದರ ಬೀಜಾಣುಗಳಿಗೆ ಬಾಲ ಇರುತ್ತೆ, ಕಾಯಿಯ ಮೇಲಿನ ನೀರಿನ ತೆಳು ಪೊರೆಯಲ್ಲಿ ಈಜಿಕೊಂಡು ಹೋಗಿ ಸಾಮಾನ್ಯವಾಗಿ ತೊಟ್ಟಿನ ಹತ್ತಿರ ಒಳಗೆ ಇಳಿಯುತ್ತವೆ. ಅದಕ್ಕೇ ಮೊದಲು ತೊಟ್ಟಿನ ಬಳಿ ನೀರು ನೆಂದಂಥ ಕಡುಹಸಿರು ಮಚ್ಚೆ ಕಾಣುವುದು, ಹಿಂದೆಯೇ ಕಾಯಿ ಹೊಳಪು ಕಳೆದುಕೊಂಡು ಉದುರುವುದು. ಬಿಡದೆ ಮಳೆ, ನಡುನಡುವೆ ಸ್ವಲ್ಪ ಬಿಸಿಲು, 20ರಿಂದ 23 ಡಿಗ್ರಿ ತಂಪು, ತೊಂಬತ್ತು ಪ್ರತಿಶತಕ್ಕಿಂತ ಹೆಚ್ಚು ತೇವ ಇಷ್ಟಿದ್ದರೆ ಅದಕ್ಕೆ ಹಬ್ಬ. ನಮ್ಮ ಆಷಾಢ, ಶ್ರಾವಣ ಅಂದರೆ ಇದೇ.

ಈಗ ಅಂಗಡಿಯ ವಿಷಯ. ಶಿಲೀಂಧ್ರದ ಕುಲದ್ದಲ್ಲ ಅಂದ ಮೇಲೆ ಶಿಲೀಂಧ್ರನಾಶಕ ಅಂತ ಡಬ್ಬಿ ಮೇಲೆ ಬರೆದ ಎಲ್ಲವೂ ಇದಕ್ಕೆ ತಾಗುವುದಿಲ್ಲ. ಕಾರ್ಬೆಂಡೈಜಿಂ ಎಂಬ ಶಿಲೀಂಧ್ರನಾಶಕ ಎಷ್ಟು ಹೊಡೆದರೂ ಫೈಟಾಫ್ತೊರಾ ಸಾಯುವುದಿಲ್ಲ. ಎಲೆಚುಕ್ಕಿಗೆ ಕೊಡುವ ಪ್ರೊಪಿಕೊನಜೋಲ್ ಕೂಡ ಕೊಳೆಗೆ ದಂಡ. ಎಲೆಚುಕ್ಕಿ ತರುವುದು ಕೊಲೆಟೊಟ್ರೈಕಮ್ ಎಂಬ ಅಸಲಿ ಶಿಲೀಂಧ್ರ, ಅದಕ್ಕೆ ಪ್ರೊಪಿಕೊನಜೋಲ್ ಕೆಲಸ ಮಾಡುತ್ತೆ. ಇತ್ತ ಮ್ಯಾಂಡಿಪ್ರೊಪಮಿಡ್ ಎಂಬ ಹೊಸ ಔಷಧಿ ಫೈಟಾಫ್ತೊರಾದ ಕೋಶಗೋಡೆಗೆ ಬೇಕಾದ ಸೆಲ್ಯುಲೋಸ್ ತಯಾರಾಗದಂತೆ ತಡೆಯುತ್ತೆ. ಕೊಳೆಗೆ ಒಳ್ಳೆಯದು, ಆದರೆ ಎಲೆಚುಕ್ಕಿಯ ಶಿಲೀಂಧ್ರದ ಗೋಡೆಯಲ್ಲಿ ಸೆಲ್ಯುಲೋಸೇ ಇಲ್ಲವಾದ್ದರಿಂದ ಅಲ್ಲಿ ಅದಕ್ಕೆ ಕೆಲಸವಿಲ್ಲ. ಹಾಗಾಗಿ ‘ಎರಡಕ್ಕೂ ಸೇರಿ ಒಂದೇ’ ಅಂದಾಗ ಡಬ್ಬಿ ತಿರುಗಿಸಿ ಒಳಗೆ ಏನಿದೆ ಅಂತ ಹೆಸರು ಓದಿ. ತಮಾಷೆ ಏನೆಂದರೆ ಎರಡನ್ನೂ ತಕ್ಕಮಟ್ಟಿಗೆ ತಡೆಯುವ ಔಷಧಿ ಒಂದಿದೆ, ಅದು ಅವರು ಹಳೇ ಕಾಲದ್ದು ಅಂದ ಬೋರ್ಡೊವೇ. ಕಾಳುಮೆಣಸಿನ ಶೀಘ್ರ ಸೊರಗು ರೋಗ ತರುವುದೂ ಫೈಟಾಫ್ತೊರಾದ ಇನ್ನೊಂದು ಜಾತಿ, ಆದ್ದರಿಂದ ಅದೇ ಡ್ರಮ್ಮಿನಿಂದ ಬಳ್ಳಿಗೂ ಹೊಡೆಯಬಹುದು.

ಬೋರ್ಡೊ ಹಳೆಯದು ಅನ್ನುವುದೇನೋ ನಿಜ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ತುತ್ತ ಸುಣ್ಣ ಬಳಿಯುತ್ತಿದ್ದರಂತೆ, ಆ ಬಳ್ಳಿಗೆ ಮಾತ್ರ ರೋಗ ಕಮ್ಮಿ ಇದ್ದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ನಮ್ಮ ಮಲೆನಾಡಿನ ಕೊಳೆಯನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಇದೇ ದ್ರಾವಣಕ್ಕೆ ರಾಳದ ಅಂಟು ಸೇರಿಸಿ ಅಡಿಕೆಗೆ ಹೊಂದಿಸಿದರು. ಅದಕ್ಕೂ ಮುಂಚೆ ಮುಖ್ಯವಾಗಿ ಇದ್ದದ್ದು ಕೊಟ್ಟೆ, ಅಂದರೆ ಅಡಿಕೆ ಗೊಂಚಲಿಗೆ ಮಳೆ ತಾಗದಂತೆ ಹೊದಿಕೆ, ಕಟ್ಟುವ ಪದ್ಧತಿ. ನೂರು ವರ್ಷ ದಾಟಿದ ಮೇಲೂ ಇದು ಕೆಲಸ ಮಾಡುತ್ತಿರುವುದಕ್ಕೆ ಕಾರಣ ಇದೆ. ತಾಮ್ರ ರೋಗಾಣುವಿನ ಮೇಲೆ ಒಂದೇ ಕಡೆ ಹೊಡೆಯುವುದಿಲ್ಲ, ಏಕಕಾಲಕ್ಕೆ ಹತ್ತಾರು ಕಡೆ ಕೆಡಿಸುತ್ತೆ. ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ರೋಗಾಣುವಿಗೆ ಬಹಳ ಕಷ್ಟ. ಮೆಟಲಾಕ್ಸಿಲ್‌ನಂಥ ಹೊಸ ಔಷಧಿಗಳು ಒಂದೇ ಜಾಗಕ್ಕೆ ಗುರಿ ಇಡುತ್ತವೆ. ಆಲೂಗೆಡ್ಡೆಯ ಅಂಗಮಾರಿಯಲ್ಲಿ, ಅದೂ ಫೈಟಾಫ್ತೊರಾವೇ, 1980ರ ಹೊತ್ತಿಗೇ ಯುರೋಪಿನಲ್ಲಿ ಮೆಟಲಾಕ್ಸಿಲ್‌ಗೆ ಬಗ್ಗದ ರೋಗಾಣು ತಳಿಗಳು ಬಂದಿದ್ದವು.

ಇನ್ನು ನಿಮ್ಮ ಡ್ರಮ್. ಶೇಕಡಾ 1ರ ಬೋರ್ಡೊ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ನಿಮ್ಮ ಡ್ರಮ್ಮಿಗೆ ಎರಡೆರಡು ಕೆಜಿ ಸಾಕಿತ್ತು. ತುತ್ತ ಜಾಸ್ತಿ ಹಾಕಿದರೆ ಪವರ್ ಜಾಸ್ತಿ ಅನ್ನುವುದು ಊರೂರಲ್ಲಿ ಇರುವ ನಂಬಿಕೆ, ಇದರಿಂದ ಆಗುವ ಲಾಭ ಮಾತ್ರ ನನಗೆ ಎಲ್ಲೂ ಕಂಡಿಲ್ಲ. ಬೋರ್ಡೊದಲ್ಲಿ ಅಂಟಿ ಕೂರುವುದು ತಾಮ್ರ ಮತ್ತು ಸುಣ್ಣ ಕೂಡಿದಾಗ ಆಗುವ ನೀಲಿ ಲೋಳೆ. ಸುಣ್ಣದ ಜೊತೆ ಕೂಡದೆ ಉಳಿದ ತುತ್ತ ನೀರಿನಲ್ಲಿ ಕರಗಿಯೇ ಇರುತ್ತೆ, ಮೊದಲ ಮಳೆಗೇ ತೊಳೆದು ಹೋಗುತ್ತೆ, ಹೋಗುವ ಮೊದಲು ಎಳೆ ಕಾಯಿಯನ್ನೂ ಸಿಂಗಾರವನ್ನೂ ಸುಡುತ್ತೆ. ಸುಟ್ಟ ಕಾಯಿಯೂ ಉದುರುತ್ತೆ, ಜನ ಅದನ್ನೂ ಕೊಳೆಯ ಲೆಕ್ಕಕ್ಕೇ ಬರೆಯುತ್ತಾರೆ.

‘2 ಕೆಜಿ ಸುಣ್ಣ ಹಾಕಿದ್ದೆನಲ್ಲ’ ಅಂತ ನೀವು ಕೇಳಬಹುದು. ಸುಣ್ಣ ಒಳ್ಳೆಯದಿದ್ದರೆ ಸಾಕಾಗುತ್ತಿತ್ತು. ರಸಾಯನದ ಲೆಕ್ಕದಲ್ಲಿ 1 ಕೆಜಿ ತುತ್ತಕ್ಕೆ ಶುದ್ಧವಾದ ಸುಟ್ಟ ಸುಣ್ಣ ಕಾಲು ಕೆಜಿಯೂ ಬೇಡ. ತೊಂದರೆ ಇರುವುದು ಸುಣ್ಣದ ಗುಣದಲ್ಲಿ. ಪ್ಯಾಕೆಟ್ ಸುಣ್ಣ ಅಂಗಡಿಯಲ್ಲಿ ಹಳೆಯದಾದಷ್ಟೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೀಮೆಸುಣ್ಣದ ಹಾಗಾಗುತ್ತೆ. ನೋಡಲು ಬೆಳ್ಳಗೆ ಚೆನ್ನಾಗೇ ಇರುತ್ತೆ, ತುತ್ತದ ಹುಳಿ ಮುರಿಯುವ ಶಕ್ತಿ ಇರುವುದಿಲ್ಲ. ಅಪ್ಪಯ್ಯನಿಗೆ ಹೇಳಿ, ಅವರ ಅನುಮಾನ ಪೂರ್ತಿ ಸುಳ್ಳಲ್ಲ, ಕಲಬೆರಕೆ ತುತ್ತವೂ ಪೇಟೆಯಲ್ಲಿ ಇದ್ದೇ ಇದೆ, ನೀಲಿ ಹರಳು ಹೊಳೆಯುತ್ತಾ ಒಣಗಿರಬೇಕು, ಹಸಿರು ಛಾಯೆ ಇದ್ದರೆ ತರಬೇಡಿ. ಆದರೆ ನಾನು ನೋಡಿರುವ ತೋಟಗಳಲ್ಲಿ ತುತ್ತಕ್ಕಿಂತ ಸುಣ್ಣ ಕೈಕೊಟ್ಟದ್ದೇ ಜಾಸ್ತಿ. ಸಿಕ್ಕರೆ ಹೊಸದಾಗಿ ಸುಟ್ಟ ಕಲ್ಲುಸುಣ್ಣವನ್ನೋ ಚಿಪ್ಪುಸುಣ್ಣವನ್ನೋ ತಂದು ನೀವೇ ನೀರು ಹಾಕಿ ಅರಳಿಸಿ, ಆರಿದ ಮೇಲೆ ಸೋಸಿ ಬಳಸಿ.

ತಯಾರಿಸುವ ಕ್ರಮವನ್ನು ಕೂಲಿಯವರ ಮೇಲೆ ಬಿಡಬೇಡಿ, ಡ್ರಮ್ಮಿನ ಪಕ್ಕ ನೀವೇ ನಿಲ್ಲಿ. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಹಿಂದಿನ ರಾತ್ರಿ ಪ್ಲಾಸ್ಟಿಕ್ ಪಾತ್ರೆಯ ನೀರಿನ ಮೇಲ್ಭಾಗದಲ್ಲಿ ನೇತುಹಾಕಿದರೆ ಬೆಳಗ್ಗೆ ಕರಗಿರುತ್ತೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಅರ್ಧ ನೀರಿನಲ್ಲಿ ತುತ್ತ, ಅರ್ಧದಲ್ಲಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಕಬೇಕು, ಇಲ್ಲವೇ ಎರಡನ್ನೂ ಒಟ್ಟಿಗೆ ಮೂರನೇ ಪಾತ್ರೆಗೆ ಸುರಿಯಬೇಕು. ಸುಣ್ಣವನ್ನು ತುತ್ತಕ್ಕೆ ಸುರಿದರೆ, ಅಥವಾ ದ್ರಾವಣ ಬಿಸಿ ಇದ್ದರೆ, ಕಣ ದಪ್ಪಗಾಗಿ ತಳಕ್ಕೆ ಕೂರುತ್ತೆ, ನಾಝಲ್ ಕಟ್ಟಿಕೊಳ್ಳುತ್ತೆ, ಕಾಯಿಗೂ ಅಂಟುವುದಿಲ್ಲ. ಬಣ್ಣ ತಿಳಿ ಆಕಾಶನೀಲಿ ಬಂದರೆ ಸರಿ. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರ ಹತ್ತಿದ್ದರೆ ತುತ್ತ ಇನ್ನೂ ಉಳಿದಿದೆ ಅಂತ, ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಲಿಟ್ಮಸ್ ಕಾಗದ ಇದ್ದರೆ ಇನ್ನೂ ಒಳ್ಳೆಯದು, ಬೆಲೆಯೇನು ಮಹಾ ಅಲ್ಲ. ಪ್ರತಿ ಡ್ರಮ್ಮಿಗೂ ಈ ಪರೀಕ್ಷೆ ಮಾಡಬೇಕು. ರಾಳದ ಅಂಟನ್ನೋ ಅಂಗಡಿಯ ಸ್ಟಿಕ್ಕರನ್ನೋ ಕೊನೆಯಲ್ಲಿ ಬೆರೆಸಿ. ಮಾಡಿದ್ದು ಅವತ್ತೇ ಮುಗಿಯಬೇಕು, ಮರುದಿನಕ್ಕೆ ಇಟ್ಟರೆ ಆ ಲೋಳೆ ಹರಳುಗಟ್ಟಿ ಅಂಟುವ ಗುಣ ಹೋಗುತ್ತೆ. ರೆಡಿಮೇಡ್ ಬೋರ್ಡೊ ಪುಡಿ ಹೊಸದಾಗಿ ಮಾಡಿದ್ದಕ್ಕೆ ಸಮ ಬರದಿರುವುದೂ ಇದೇ ಕಾರಣಕ್ಕೆ. ಆಳು ಇಲ್ಲದಾಗ ಅದೂ ಪರವಾಗಿಲ್ಲ, ಅಷ್ಟೆ. ಅಂದಹಾಗೆ, ಡ್ರಮ್ ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ, ತಾಮ್ರ ಮೀನಿಗೆ ವಿಷ. ಕಲಕುವವರ ಕಣ್ಣಿಗೆ ಕನ್ನಡಕ ಇರಲಿ.

ಈಗ ದುಡ್ಡಿನ ಪ್ರಶ್ನೆ. ನಿಮ್ಮ ನಿಜವಾದ ಕಷ್ಟ ಔಷಧಿಯದ್ದಲ್ಲ, ಕೊನೆಗಾರರದ್ದು. ಜಾರುವ ಮರ ಹತ್ತಿ, ಮರದಿಂದ ಮರಕ್ಕೆ ತೂಗಿ ಹೋಗಿ ಔಷಧಿ ಹೊಡೆಯುವವರು ಕಮ್ಮಿಯಾಗುತ್ತಿದ್ದಾರೆ, ಅವರನ್ನು ದೂರಿ ಉಪಯೋಗವಿಲ್ಲ. ಯಾವ ಯಂತ್ರ ನಿಮಗೆ ಸರಿಯಾದ ದಿನಕ್ಕೆ ಸಿಂಪರಣೆ ಮಾಡಿಸಿಕೊಡುತ್ತೋ ಅದಕ್ಕೆ ದುಡ್ಡು ಹಾಕಿ.

ಡ್ರೋನ್ ವೇಗದ್ದು, ನಿಜ. ಆದರೆ ಅದು ಮೇಲಿಂದ ಹೊಡೆಯುತ್ತೆ, ಅಡಿಕೆ ಕೊನೆ ಇರುವುದು ಸೋಗೆಗಳ (ಅಡಿಕೆ ಗರಿಗಳ) ಕೆಳಗೆ, ಕಾಂಡಕ್ಕೆ ಒತ್ತಿಕೊಂಡು. ಹನಿಯ ಬಹುಪಾಲು ಸೋಗೆಯೇ ತಡೆದುಬಿಡುತ್ತೆ. ರೆಕ್ಕೆಯ ಗಾಳಿಗೆ ಸೋಗೆ ಅಲ್ಲಾಡಿ ಒಂದಷ್ಟು ಕೆಳಗೆ ಇಳಿದರೂ ಕೊನೆಯ ಒಳಗಿನ ಕಾಯಿ, ಕಾಂಡದ ಕಡೆಯ ಕಾಯಿ ಒಣಗಿಯೇ ಉಳಿಯುತ್ತವೆ. ಬೋರ್ಡೊದಂಥ ಔಷಧಿ ತಾಗದ ಕಾಯಿಯನ್ನು ಕಾಯುವುದಿಲ್ಲ. ಜೊತೆಗೆ ಡ್ರೋನಿನ ಟ್ಯಾಂಕ್ ಚಿಕ್ಕದು, ನಾಝಲ್ ಸಣ್ಣದು, ತುತ್ತ ಸುಣ್ಣದ ಗಸಿ ಅದಕ್ಕೆ ಹಿಡಿಸುವುದಿಲ್ಲ, ಹಾಗಾಗಿ ಡ್ರೋನಿನವರು ಸಾಮಾನ್ಯವಾಗಿ ಬೇರೆ ಔಷಧಿಯನ್ನೇ ಬಳಸುತ್ತಾರೆ. ಸೋಗೆಗೆ ತಾಗಬೇಕಾದ ಎಲೆಚುಕ್ಕಿ ಔಷಧಿಗೆ ಡ್ರೋನ್ ಹೆಚ್ಚು ಹೊಂದುತ್ತೆ. ಕೊಳೆಗೆ ಅದೊಂದನ್ನೇ ನೆಚ್ಚಿಕೊಳ್ಳಿ ಅಂತ ನಾನು ಹೇಳಲಾರೆ. ತರಿಸುವುದೇ ಆದರೆ ಹಾರಿಸುವವರ ಹತ್ತಿರ ಪೈಲಟ್ ಪ್ರಮಾಣಪತ್ರ ಇದೆಯಾ ಕೇಳಿ, ಮೊದಲು ಹತ್ತು ಮರಕ್ಕೆ ಬರೀ ಬಣ್ಣದ ನೀರು ಹೊಡೆಸಿ ಕೊನೆಯ ಕಾಯಿಗೆ ಎಷ್ಟು ತಾಗಿದೆ ನೋಡಿ.

ನಿಮ್ಮಂಥ ಮೂರು ಎಕರೆಗೆ ನನ್ನ ಒಲವು ಕಾರ್ಬನ್ ಫೈಬರ್ ದೋಟಿಯ (ಹಗುರವಾದ ಉದ್ದ ಕೋಲಿನ) ಕಡೆಗೆ. ನೆಲದ ಮೇಲೇ ನಿಂತು, ಪೈಪನ್ನು ದೋಟಿಯ ತುದಿವರೆಗೆ ಒಯ್ದು, ಕೊನೆಯ ಸುತ್ತ ತಿರುಗಿಸಿ ಹೊಡೆಯಬಹುದು. ಬೋರ್ಡೊವನ್ನೇ ಹೊಡೆಯಬಹುದು. ಮಳೆ ಎರಡು ದಿನ ಬಿಟ್ಟಿತು ಅಂದರೆ ಯಾರನ್ನೂ ಕಾಯದೆ ಶುರು ಮಾಡಬಹುದು, ಇದೇ ಇದರ ದೊಡ್ಡ ಲಾಭ. ಕಷ್ಟಗಳೂ ಇವೆ. ಬೆಲೆ ಜಾಸ್ತಿ, ಕುತ್ತಿಗೆ ನೋವು ಬರುತ್ತೆ, ಕೈ ಪಳಗಲು ಸಮಯ ಬೇಕು, ತುಂಬ ಎತ್ತರದ ಹಳೇ ಮರಗಳಿಗೆ ಕೊನೆಗಾರರೇ ಬೇಕಾಗಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ಕರೆಂಟು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತೆ. ತಂತಿಗೆ ತಾಗಿದರೆ ಪ್ರಾಣವೇ ಹೋಗುತ್ತೆ, ಹಾಗೆ ಆಗಿಯೂ ಇದೆ. ತೋಟದ ಮೇಲೆ ಅಥವಾ ಅಂಚಿನಲ್ಲಿ ಲೈನ್ ಇದ್ದರೆ ಆ ಸಾಲಿನ ಹತ್ತಿರ ದೋಟಿ ಎತ್ತಲೇಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಂಡರೆ ಖರ್ಚು ಹಂಚಿಹೋಗುತ್ತೆ, ಆದರೆ ಮೇ ಕೊನೆಯಲ್ಲಿ ನಾಲ್ವರಿಗೂ ಒಟ್ಟಿಗೇ ಬೇಕಾಗುತ್ತೆ, ಸರದಿಯನ್ನು ಈಗಲೇ ಮಾತಾಡಿಕೊಳ್ಳಿ.

ಅಡಿಕೆ ಕೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದೂ ಒಂದು ದಾರಿ. ಮಳೆಗೆ ಮೊದಲು, ಕೆಳಗೆ ಬಾಯಿ ಬಿಟ್ಟು ಕಟ್ಟಿದರೆ ಕೊಳೆಯನ್ನು ಚೆನ್ನಾಗಿ ತಡೆಯುತ್ತೆ. ಆದರೆ ಪ್ರತಿ ಕೊನೆಗೂ ಹತ್ತಬೇಕು, ಆಮೇಲೆ ಆ ಪ್ಲಾಸ್ಟಿಕ್ಕನ್ನು ಇಳಿಸಬೇಕು. ಮೂರು ಎಕರೆಗೆ ಆಗದ ಮಾತು, ಮನೆ ಹಿಂದಿನ ಒಂದಷ್ಟು ಮರಕ್ಕೆ ಸರಿ.

ಬರುವ ವರ್ಷ ಹೀಗೆ ಮಾಡಿ ನೋಡಿ. ಮೇ 20ರ ನಂತರ, ಮುಂಗಾರು ಹಿಡಿಯುವ ಮೊದಲು ಮೊದಲ ಬೋರ್ಡೊ ಮುಗಿದಿರಬೇಕು. ಅಲ್ಲಿಂದ 40-45 ದಿನಕ್ಕೆ ಎರಡನೆಯದು, ಅದು ಜುಲೈ ಮೊದಲರ್ಧಕ್ಕೆ ಬರುತ್ತೆ. ಆಗ ಮಳೆಯ ಬಿಡುವು ಹುಡುಕಬೇಕು. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಕನ್ನಡದಲ್ಲೇ ಮುಂದಿನ ದಿನಗಳ ಮುನ್ಸೂಚನೆ ಕೊಡುತ್ತೆ, ರಾಜ್ಯದ ವರುಣಮಿತ್ರ ಸಹಾಯವಾಣಿಗೂ ಫೋನ್ ಮಾಡಬಹುದು. ಹೊಡೆದ ಮೇಲೆ ಪದರ ಒಣಗಲು ಕೆಲವು ಗಂಟೆ ಬಿಸಿಲೋ ಮೋಡವೋ ಸಿಕ್ಕರೆ ಸಾಕು. ಆಗಸ್ಟ್ ಕೊನೆಗೂ ಮಳೆ ನಿಲ್ಲದಿದ್ದರೆ ಮೂರನೆಯದು. ಎರಡನೆಯ ಹೊತ್ತಿಗೆ ಅಲ್ಲಲ್ಲಿ ಕೊಳೆ ಕಂಡರೆ ಆ ಒಂದು ಸಲ ಮ್ಯಾಂಡಿಪ್ರೊಪಮಿಡ್ ಲೀಟರಿಗೆ 1 ಮಿ.ಲೀ. ಬಳಸಬಹುದು, ಬೋರ್ಡೊದ ಜೊತೆ ಬೆರೆಸಬೇಡಿ, ವರ್ಷವಿಡೀ ಅದನ್ನೇ ಹೊಡೆಯಲೂ ಬೇಡಿ. ಯಾವುದೇ ಇರಲಿ, ಕೊನೆಯಿಂದ ಹನಿ ತೊಟ್ಟಿಕ್ಕುವ ತನಕ ಎಲ್ಲಾ ಕಡೆಯಿಂದ ತೊಯ್ಯಬೇಕು.

ಇಷ್ಟರ ಜೊತೆ ತೋಟದ ಕಪ್ಪು, ಅಂದರೆ ಬಸಿಗಾಲುವೆ, ಬಿಡಿಸಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಹಿಂದಿನ ವರ್ಷದ ಕೊಳೆತು ಒಣಗಿ ಮರದಲ್ಲೇ ನೇತಾಡುವ ಕೊನೆಗಳನ್ನು ಬೇಸಿಗೆಯಲ್ಲೇ ಇಳಿಸಿ ಸುಡಿ. ರೋಗಾಣು ಬೇಸಿಗೆ ಕಳೆಯುವುದು ಅವುಗಳಲ್ಲಿ ಮತ್ತು ಮಣ್ಣಿನಲ್ಲಿ. ಸುಮ್ನೆ ಬಿಟ್ಟರೆ ಅದೇ ರೋಗ ಸುಳಿಗೆ ಇಳಿದು ಸುಳಿ ಕೊಳೆಯಾಗಿ ಮರವನ್ನೇ ತೆಗೆಯುವುದೂ ಉಂಟು. ಫಸಲು ಹೋದರೆ ಒಂದು ವರ್ಷದ್ದು, ಮರ ಹೋದರೆ ಲೆಕ್ಕವೇ ಬೇರೆ.

ಬೇಲಿಯಾಚೆಯ ಪಾಳು ತೋಟದಿಂದ ರೋಗ ಬರುತ್ತಾ ಅಂದರೆ, ಹೌದು, ಗಾಳಿ ಮಳೆಯ ಎರಚಲಿಗೆ ಹನಿಯ ಜೊತೆ ಬರುತ್ತೆ. ಆದರೆ ನಿಮ್ಮ ತೋಟದೊಳಗೇ ರೋಗದ ಬೀಜ ಇರುವಾಗ ಎಲ್ಲವನ್ನೂ ಅದರ ತಲೆಗೆ ಕಟ್ಟಲಾಗದು. ಅಂಚಿನ ನಾಲ್ಕೈದು ಸಾಲಿನಲ್ಲೇ ಕೊಳೆ ಜಾಸ್ತಿ ಇತ್ತಾ, ಅಥವಾ ತೋಟವಿಡೀ ಒಂದೇ ಸಮ ಇತ್ತಾ ನೆನಪು ಮಾಡಿಕೊಳ್ಳಿ. ಅಂಚಿನಲ್ಲೇ ಜಾಸ್ತಿ ಇದ್ದಿದ್ದರೆ ಅದರ ಮಾಲೀಕರಿಗೆ ಒಂದು ಫೋನ್ ಮಾಡಿ, ನಿಮ್ಮ ಸಿಂಪರಣೆಯ ದಿನವೇ ಬೇಲಿ ಪಕ್ಕದ ಎರಡು ಸಾಲಿಗೆ ನೀವೇ ಹೊಡೆಸುತ್ತೀರಿ ಅಂತ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಒಂದೆರಡು ಡ್ರಮ್ ಔಷಧಿ ಜಾಸ್ತಿ ಹೋಗುತ್ತೆ. ಉದುರಿದ ಅಡಿಕೆಯ ಲೆಕ್ಕದ ಮುಂದೆ ಅದೇನೂ ಅಲ್ಲ.